ಹಾರ್ಡಿನ್ ಕೌಂಟಿಯ ಹಳೆ ಚರ್ಚ್‌ಗಳ ಕಡತ ಬಿಚ್ಚಿದಾಗ

ಕೆಲಸದ ಮೇಲೆ ಅಮೆರಿಕದ ಕೆಂಟಕಿಗೆ ಬಂದ ನನಗೆ ರಜೆ ದಿನಗಳಲ್ಲಿ ಹತ್ತಿದ ಗೀಳು ಇದು: ಹಾರ್ಡಿನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು) ಮೊದಲ ಬ್ಯಾಪ್ಟಿಸ್ಟ್ ಸಭೆಗಳ ಚರಿತ್ರೆ. ಬ್ಯಾಪ್ಟಿಸ್ಟ್ ಅನ್ನುವುದು ಕ್ರೈಸ್ತರ ಒಂದು ಪಂಗಡ, ಸಭೆ ಅಂದರೆ ಒಂದು ಚರ್ಚಿನ ಸದಸ್ಯರ ಕೂಟ. ನಾನು ಕ್ರೈಸ್ತನಲ್ಲ. ಆದರೂ ಯಾರೂ ಅದನ್ನೊಂದು ಅಡ್ಡಿ ಅಂತ ನೋಡಲಿಲ್ಲ.

ಶುರು ಮಾಡಿದ್ದು ಸೆವರ್ನ್ಸ್ ವ್ಯಾಲಿ ಸಭೆಯಿಂದ. 1781ರ ಜೂನ್ 18ರಂದು, ಈಗ ಎಲಿಜಬೆತ್‌ಟೌನ್ ಇರುವ ಜಾಗದಲ್ಲಿ, ಮರದ ಕೆಳಗೆ ಹದಿನೆಂಟು ಜನ ಸೇರಿ ಕಟ್ಟಿದ ಸಭೆ ಅದು. ಮೊದಲ ಪಾಸ್ಟರ್ ಜಾನ್ ಜೆರಾರ್ಡ್ ಮರುವರ್ಷ ಬೇಟೆಗೆಂದು ಕಾಡಿಗೆ ಹೋದವರು ವಾಪಸ್ ಬರಲಿಲ್ಲ. ಸ್ಥಾಪಕರ ಪಟ್ಟಿಯಲ್ಲಿ ವ್ಯಾನ್‌ಮೀಟರ್ ಮನೆತನದ ಹೆಸರುಗಳಿವೆ. ಅವುಗಳ ಜೊತೆ ಬ್ಯಾಂಬೋ, ಮಾರ್ಕ್, ಡೈನಾ ಅಂತ ಮೂರು ಬರೀ ಹೆಸರುಗಳು, ಮನೆತನದ ಹೆಸರಿಲ್ಲ. ಆ ಮೂವರೂ ಗುಲಾಮರು. ನನ್ನ ಹುಡುಕಾಟ ಅಲ್ಲಿಂದ ಗುಲಾಮಗಿರಿಯ ಕಡೆಗೆ ದಿಕ್ಕು ಬದಲಿಸಿತು.

ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಕೌಂಟಿಗಳ ಹಳೆ ಗಡಿ ಗುರುತು ಮಾಡಿಕೊಳ್ಳಿ. 1781ರಲ್ಲಿ ಹಾರ್ಡಿನ್ ಕೌಂಟಿಯೇ ಇರಲಿಲ್ಲ. ಇದೆಲ್ಲ ವರ್ಜೀನಿಯಾದ ಜೆಫರ್ಸನ್ ಕೌಂಟಿ. ಆಮೇಲೆ ನೆಲ್ಸನ್, ಅದು ಒಡೆದು ಹಾರ್ಡಿನ್. 1843ರಲ್ಲಿ ಹಾರ್ಡಿನ್‌ನ ಒಂದು ಭಾಗ ಲರೂ ಆಯಿತು. ಜಮೀನಿನ ಕ್ರಯಪತ್ರ, ಉಯಿಲು ಎಲ್ಲ ಆಯಾ ಕಾಲದ ಕೌಂಟಿಯ ಕಚೇರಿಯಲ್ಲೇ ಉಳಿದಿರುತ್ತವೆ. ಹಳೆ ಸಭೆಗಳನ್ನು ಊರಿನ ಹೆಸರು ಹಿಡಿದು ಹುಡುಕಿದರೆ ಸಿಗುವುದು ಕಷ್ಟ. ಸೀಡರ್ ಕ್ರೀಕ್, ರೋಲಿಂಗ್ ಫೋರ್ಕ್, ಸೌತ್ ಫೋರ್ಕ್... ಎಲ್ಲ ಹಳ್ಳ, ಹೊಳೆಗಳ ಹೆಸರು. ಹಾಗಾಗಿ ನಕ್ಷೆಯಲ್ಲಿ ರಸ್ತೆ ಬಿಟ್ಟು ನೀರು ಹಿಡಿದು ಹೋದೆ.

ಸಭೆಗಳ ನಡಾವಳಿ ಪುಸ್ತಕಗಳನ್ನು ಹೆಚ್ಚಾಗಿ ಮೈಕ್ರೋಫಿಲ್ಮ್‌ನಲ್ಲೇ (ಪುಟಗಳ ಚಿಕ್ಕ ಫೋಟೋಗಳಿರುವ ಫಿಲ್ಮ್ ರೀಲು) ಓದಬೇಕು. ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಶನಿವಾರ, ಸಭೆ ಸೇರುತ್ತಿತ್ತು. ಕುಡಿದವರು, ಹೊಡೆದಾಡಿದವರು, ಕುಣಿದವರು ಎಲ್ಲರ ವಿಚಾರಣೆ ಅಲ್ಲೇ. ಓದೋಕೆ ಮಜಾ, ಸುಳ್ಳು ಹೇಳಲ್ಲ! ಆದರೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ‘ಪತ್ರ ಕೊಟ್ಟೆವು’, ‘ಪತ್ರದ ಮೇಲೆ ಸೇರಿಸಿಕೊಂಡೆವು’ ಅನ್ನುವ ಒಣ ಸಾಲುಗಳು. ಊರು ಬಿಡುವ ಸದಸ್ಯರಿಗೆ ಸಭೆ ಕೊಡುತ್ತಿದ್ದ ಪತ್ರ ಅದು. ಆ ಸಾಲುಗಳನ್ನು ಸಭೆಯಿಂದ ಸಭೆಗೆ ಜೋಡಿಸುತ್ತಾ ಹೋದರೆ, ಯಾವ ಕುಟುಂಬ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದು ತಾನಾಗಿ ತಿಳಿಯುತ್ತದೆ.

ಇನ್ನು ವಾರ್ಷಿಕೋತ್ಸವಕ್ಕೆ ಅಚ್ಚು ಹಾಕಿಸುವ ಸ್ಮರಣ ಸಂಚಿಕೆಗಳು. ತಾರೀಖಿಗೆ, ಪಾಸ್ಟರ್‌ಗಳ ಪಟ್ಟಿಗೆ ಪರವಾಗಿಲ್ಲ. ಸಭೆಗಳ ಜಗಳ ತಿಳಿಯಬೇಕೆಂದರೆ ಅವುಗಳ ಒಕ್ಕೂಟದ ನಡಾವಳಿಗೇ ಹೋಗಬೇಕು. ಇಲ್ಲಿನ ಸಭೆಗಳು 1785ರಲ್ಲಿ ಸೇಲಂ ಒಕ್ಕೂಟ ಮಾಡಿಕೊಂಡವು. 1789ರಲ್ಲಿ ರೋಲಿಂಗ್ ಫೋರ್ಕ್ ಸಭೆ ಅಲ್ಲಿ ನೇರವಾಗಿ ಕೇಳಿತು: ಕ್ರಿಸ್ತನ ಸಭೆಯವನು ತನ್ನಂಥದೇ ಇನ್ನೊಂದು ಜೀವವನ್ನು ಜೀವನವಿಡೀ ಗುಲಾಮನಾಗಿ ಇಟ್ಟುಕೊಳ್ಳುವುದು ದೇವರ ಮುಂದೆ ಸರಿಯೇ? ಇಷ್ಟು ಸೂಕ್ಷ್ಮ ವಿಷಯಕ್ಕೆ ಈಗ ಕೈಹಾಕುವುದು ಉಚಿತವಲ್ಲ ಅಂತ ಒಕ್ಕೂಟ ಜಾರಿಕೊಂಡಿತು. ಜಾಣತನದ ಉತ್ತರ, ಅಲ್ವಾ? ರೋಲಿಂಗ್ ಫೋರ್ಕ್ ಒಕ್ಕೂಟದಿಂದಲೇ ಹೊರನಡೆಯಿತು.

ಮುಂದೆ ಸೌತ್ ಫೋರ್ಕ್ ಸಭೆಯೂ ಇದೇ ವಿಷಯಕ್ಕೆ ಒಡೆಯಿತು. ಅಬ್ರಹಾಂ ಲಿಂಕನ್‌ರ ತಂದೆತಾಯಿ ಸೇರಿದ್ದು ಗುಲಾಮಗಿರಿ ಒಪ್ಪದ ಲಿಟಲ್ ಮೌಂಟ್ ಸಭೆಗೆ. ಈ ಭಾಗ ಬರೆಯುವಾಗ ಲೂಯಿವಿಲ್‌ನ ಸದರ್ನ್ ಬ್ಯಾಪ್ಟಿಸ್ಟ್ ಸೆಮಿನರಿಯ (ಪಾಸ್ಟರ್‌ಗಳನ್ನು ತಯಾರು ಮಾಡುವ ಕಾಲೇಜು) ಗ್ರಂಥಾಲಯ, ನ್ಯಾಶ್‌ವಿಲ್‌ನ ಬ್ಯಾಪ್ಟಿಸ್ಟ್ ಚರಿತ್ರೆ ಗ್ರಂಥಾಲಯ ಎರಡೂ ನೆರವಿಗೆ ಬಂದವು. ಹೋಗುವ ಮೊದಲು ಯಾವ ಸಭೆ, ಯಾವ ವರ್ಷಗಳು ಬೇಕು ಅಂತ ಬರೆದು ತಿಳಿಸಿ. ಸುಮ್ನೆ ಹೋಗಿ ನಿಂತರೆ ರೀಲು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.