ಎಣ್ಣೆ ಮಾರೋನೇ ಎಣ್ಣೆ ಬೇಡ ಅಂದರೆ ವ್ಯಾಪಾರ ಆಗುತ್ತಾ? ನನ್ನ ಅನುಭವ

ಹಸುಗೂಸು, ಬೆಕ್ಕು ಇರುವ ಮನೆಗೆ ಒಂದು ಬಾಟಲಿ, ಉಳಿದವರಿಗೆ ಇನ್ನೊಂದು ಅಂತ ನೆಲ ಒರೆಸುವ ಲಿಕ್ವಿಡ್ ಮಾಡಲು ಹೊರಟಾಗ ಚಿಂತಾಮಣಿಯ ಅಂಗಡಿಯವರು ನಕ್ಕುಬಿಟ್ಟರು. "ಏನಣ್ಣ, ಬಾಟಲಿ ಕೊಡೋಕೆ ಮುಂಚೆ ಜನಗಣತಿ ಮಾಡ್ಬೇಕಾ?" ಅಂದರು. ಈಗ ಅದೇ ಅಂಗಡಿಗೆ ತಿಂಗಳಿಗೆ ನೂರರ ಹತ್ತಿರ ಬಾಟಲಿ ಹೋಗುತ್ತಿದೆ. ನಿಂಬೆಹುಲ್ಲಿನಂಥವುಗಳಿಂದ ಸುವಾಸನೆಯ ಎಣ್ಣೆ ತೆಗೆಯುವ ನಮ್ಮ ಕಸುಬಿನ ಕೆಲವರು ಹೇಗೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಹುಲ್ಲಿಗೆ ಹಬೆ ಹಾಯಿಸಿ ಎಣ್ಣೆ ಭಟ್ಟಿ ಇಳಿಸುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಮ್ಮದು ಶಿಡ್ಲಘಟ್ಟ ತಾಲೂಕು. ಅರ್ಧ ಎಕರೆ ನಿಂಬೆಹುಲ್ಲು, ಉಳಿದದ್ದೆಲ್ಲ ಹಿಪ್ಪುನೇರಳೆ. ರೇಷ್ಮೆ ಹುಳಕ್ಕೆ ಘಾಟು ವಾಸನೆ ಆಗಲ್ಲ ಅಂತ ಸಾಕುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಳು ಮನೆ ಹತ್ತಿರ ಊದುಬತ್ತಿ ಹಚ್ಚಲ್ಲ, ಸೊಳ್ಳೆ ಬತ್ತಿಯಂತೂ ಇಲ್ಲವೇ ಇಲ್ಲ. ಸೆಂಟ್ ಹೊಡೆದುಕೊಂಡು ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುತ್ತೇವೆ. ನನ್ನ ಭಟ್ಟಿ ಇರುವುದೂ ಹೊಲದ ಆ ತುದಿಯಲ್ಲಿ, ಗಾಳಿ ಆಚೆಗೆ ಹೋಗುವ ಕಡೆ. ಹುಳಕ್ಕೆ ಇಷ್ಟೆಲ್ಲ ಮಾಡುವ ಜನವೇ ಎರಡು ತಿಂಗಳ ಕೂಸಿನ ತೊಟ್ಟಿಲ ಪಕ್ಕ ಎಣ್ಣೆಯ ವಾಸನೆ ಕೋಣೆಗೆಲ್ಲ ಹರಡುವ ಡಿಫ್ಯೂಸರ್ ಇಟ್ಟು "ಒಳ್ಳೆ ಗಮ್ ಅಂತಿದೆ" ಅನ್ನುತ್ತಾರೆ. ಅಲ್ಲೇ ನನಗೆ ಹೊಳೆದದ್ದು. ಕೂಸಿನ ಕೋಣೆಗೂ ಹುಳು ಮನೆಯ ಕಟ್ಟುಪಾಡೇ ಇರಲಿ. ಸೊಳ್ಳೆಗೆ ಪರದೆ ಸಾಕು, ಎಣ್ಣೆ ಬೇಡ.

ಮೊದಲ ಸಲದ ಲಿಕ್ವಿಡ್ ಪೂರ್ತಿ ಹಾಳು. ಸುಮಾರು ಅರವತ್ತು ಲೀಟರ್, ಖಾಲಿ ಬಾಟಲಿ, ಲೇಬಲ್ ಎಲ್ಲ ಸೇರಿ ಹನ್ನೆರಡು ಸಾವಿರದಷ್ಟು ಹೋಯಿತು. ಎಣ್ಣೆ ನೀರಿನ ಜೊತೆ ನಿಲ್ಲಲೇ ಇಲ್ಲ. ಬಾಟಲಿಯಲ್ಲಿ ಬೆಳ್ಳಗೆ ಹಾಲಿನ ಹಾಗೆ ಕಾಣುತ್ತಿತ್ತು, ಬೆಳಿಗ್ಗೆ ನೋಡಿದರೆ ಕತ್ತಿನ ಹತ್ತಿರ ಹಳದಿ ಉಂಗುರ. ಅಂಥದ್ದನ್ನು ಬಕೆಟ್‌ಗೆ ಹಾಕಿ ಒರೆಸಿದರೆ ನೆಲದ ಮೇಲೆ ಅಲ್ಲಲ್ಲಿ ಬರೀ ಎಣ್ಣೆಯೇ ಕೂರುತ್ತದೆ. ಬೆಕ್ಕು ಅದರ ಮೇಲೆ ನಡೆಯುತ್ತದೆ, ಆಮೇಲೆ ಕೂತು ಪಾದ ನೆಕ್ಕುತ್ತದೆ. ಅಂಬೆಗಾಲಿಡುವ ಮಗು ಅಂಗೈ ಊರಿ ಅದೇ ಕೈ ಬಾಯಿಗಿಡುತ್ತದೆ. ಹಾಗಾಗಿ ಬೆರೆಯುವ ವಿಷಯದಲ್ಲಿ ನಾನು ರಾಜಿ ಆಗಲಿಲ್ಲ. ಎಣ್ಣೆಯನ್ನು ನೀರಿಗೆ ಬೆರೆಸುವ ಪಾಲಿಸಾರ್ಬೇಟ್ ಹಾಕಿದ ಮೇಲೆ ದಾರಿಗೆ ಬಂತು. ಎಷ್ಟಕ್ಕೆ ಎಷ್ಟು, ಯಾವುದರ ನಂತರ ಯಾವುದು, ಅದು ನನ್ನ ಹತ್ತಿರವೇ ಇರಲಿ.

ಬೆಕ್ಕಿನ ವಿಷಯದಲ್ಲಿ ಮಾತ್ರ ಪಾಲಿಸಾರ್ಬೇಟ್ ಕೂಡ ಸಾಲದು. ಇಂಥ ಎಣ್ಣೆಯ ಅಂಶಗಳನ್ನು ಕಟ್ಟಿ ಹೊರಗೆ ಹಾಕುವ ಒಂದು ದಾರಿ ನಮ್ಮ ಲಿವರ್‌ನಲ್ಲಿದೆ. ಬೆಕ್ಕಿನ ಲಿವರ್‌ನಲ್ಲಿ ಅದು ತೀರಾ ದುರ್ಬಲ. ಮೈಗೆ ಬಿದ್ದದ್ದೆಲ್ಲ ನೆಕ್ಕಿ ಹೊಟ್ಟೆಗೆ ಹೋಗುತ್ತದೆ ಬೇರೆ. ನೆಂಟರೊಬ್ಬರು ಚಿಗಟಕ್ಕೆ ಅಂತ ಆನ್‌ಲೈನ್‌ನಲ್ಲಿ ತರಿಸಿದ ಟೀ ಟ್ರೀ ಎಣ್ಣೆಯನ್ನು (ಚಹಾ ಗಿಡದ್ದಲ್ಲ, ಬೇರೆ ಮರದ್ದು) ಹಾಗೇ ಬೆಕ್ಕಿನ ಕತ್ತಿಗೆ ಹಚ್ಚಿದ್ದರು. ನಾನು ಹೋದಾಗ ಅದು ಜೊಲ್ಲು ಸುರಿಸುತ್ತಾ ಕೂತಿತ್ತು. ಎದ್ದರೆ ಹಿಂಗಾಲು ನಿಲ್ಲುತ್ತಿಲ್ಲ, ಕುಡಿದವರ ಹಾಗೆ ವಾಲುತ್ತಿದೆ. ಪಶುವೈದ್ಯರಿಗೆ ಫೋನ್ ಮಾಡಿದರೆ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ತಕ್ಷಣ ಕರೆತನ್ನಿ, ವಾಂತಿ ಮಾಡಿಸಲು ಹೋಗಬೇಡಿ ಅಂದರು. ಬದುಕಿತು. ಟೀ ಟ್ರೀ ನಾಯಿಗೂ ಆಗಲ್ಲ. ಗಿಣಿ, ಲವ್ ಬರ್ಡ್ಸ್ ಸಾಕಿದವರು ಡಿಫ್ಯೂಸರ್ ಆಸೆಯನ್ನೇ ಬಿಡಬೇಕು, ಹಕ್ಕಿಯ ಉಸಿರಾಟ ಅಷ್ಟು ಸೂಕ್ಷ್ಮ.

ಅದಕ್ಕೇ ಬೆಕ್ಕು, ಹಕ್ಕಿ, ಹಸುಗೂಸು ಇರುವ ಮನೆಗೆ ಕೊಡುವ ಬಾಟಲಿಯಲ್ಲಿ ಎಣ್ಣೆ ಒಂದು ಹನಿಯೂ ಇಲ್ಲ, ಬರೀ ಅಂಟುವಾಳ. ಇದು ಎರಡೇ ದಿನಕ್ಕೆ ಹುಳಿ ವಾಸನೆ ಬರುತ್ತಿತ್ತು, ಕ್ಯಾನ್ ಉಬ್ಬುತ್ತಿತ್ತು. ಈಗ ಎರಡು ತಿಂಗಳು ಆರಾಮಾಗಿ ನಿಲ್ಲುತ್ತದೆ, ಹೇಗೆ ಅಂತ ಮಾತ್ರ ಕೇಳಬೇಡಿ. ನಾಯಿ, ದೊಡ್ಡ ಮಕ್ಕಳು ಇರುವ ಮನೆಗೆ ಎರಡನೆಯದು. ಮೊದಲು ಮೂರು ಪರ್ಸೆಂಟ್ ಎಣ್ಣೆ ಹಾಕುತ್ತಿದ್ದೆ, ಈಗ ಅರ್ಧ ಪರ್ಸೆಂಟ್. ಅದನ್ನೂ ಬಕೆಟ್ ನೀರಿಗೆ ಎರಡು ಮುಚ್ಚಳ ಅಷ್ಟೇ. ಕಿಟಕಿ ತೆಗೆದು ಒರೆಸಿ, ನೆಲ ಒಣಗಿದ ಮೇಲೆ ಒಳಗೆ ಬಿಡಿ ಅಂತ ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿದೆ. ವಾಸನೆ ಕಡಿಮೆ ಆದರೆ ಯಾರು ಕೊಳ್ಳುತ್ತಾರೆ ಅಂತ ಹೋಲ್‌ಸೇಲ್‌ನವರು ಕೈಬಿಟ್ಟರು. ಒಂದು ವರ್ಷ ಸುಮ್ನೆ ಮನೆಮನೆಗೆ ಹೊತ್ತೆ. ಬಾಣಂತಿ ಇರುವ ಮನೆಯವರೇ ಮೊದಲು ಹಿಡಿದರು, ಅವರಿಂದ ಬಾಯಿಂದ ಬಾಯಿಗೆ ಹೋಯಿತು.

ಲಾಭ ಕೇಳಿದಿರಾ? ಒಂದು ಟನ್ ಹುಲ್ಲಿಗೆ ನಾಲ್ಕೂವರೆ ಕೆಜಿ ಎಣ್ಣೆ ಬಂದರೆ ನನ್ನ ಭಟ್ಟಿಗೆ ಅದೇ ಹಬ್ಬ. ಕೆಜಿಗೆ ಸಾವಿರದ ಆಸುಪಾಸಿಗೆ ಮಾರಿದರೆ ಸೌದೆ, ಕೂಲಿ ಕಳೆದು ಕೈಗೆ ಹತ್ತುವುದಿಲ್ಲ. ಅದೇ ಒಂದು ಕೆಜಿ ಅರ್ಧ ಪರ್ಸೆಂಟ್ ಲೆಕ್ಕದಲ್ಲಿ ಇನ್ನೂರು ಲೀಟರ್ ಆಗುತ್ತದೆ. ಉಳಿದದ್ದನ್ನು ನೀವೇ ಗುಣಿಸಿಕೊಳ್ಳಿ. ಖರ್ಚಿನಲ್ಲಿ ನನ್ನನ್ನು ಕಾಡಿದ್ದು ಬೋರ್‌ವೆಲ್ ನೀರು. ನಮ್ಮ ಗಡಸು ನೀರಿಗೆ ಬಾಯ್ಲರ್ ಒಳಗೆ ಬೆಳ್ಳಗೆ ಉಪ್ಪು ಕಟ್ಟಿ ಸೌದೆ ತಿನ್ನುತ್ತಿತ್ತು. ಈಗ ಶೆಡ್ ಮೇಲಿನ ಮಳೆ ನೀರೇ ಗತಿ.

ನಡುವೆ ನೀಲಗಿರಿ ಎಣ್ಣೆಯ ಹುಚ್ಚೂ ಹತ್ತಿತ್ತು. ನಂದಿ ಬೆಟ್ಟಕ್ಕೆ ಈ ಮರ ತರಿಸಿದ್ದು ಟಿಪ್ಪು, 1790ರ ಸುಮಾರಿಗೆ ಅಂತಾರೆ. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂದ ಮೇಲೂ ನಮ್ಮ ಕಡೆ ತೋಪುಗಳಿಗೆ ಬರವಿಲ್ಲ. ಸೊಪ್ಪು ಪುಕ್ಕಟೆ ಅಂತ ಒಂದು ಟ್ರಾಕ್ಟರ್ ಲೋಡ್ ಭಟ್ಟಿಗೆ ತುಂಬಿದೆ. ಇಲ್ಲಿಯದು ಕಾಗದದ ತಿರುಳಿನ ಜಾತಿ, ಊಟಿಯ ಕಡೆಯದಲ್ಲ. ಎಣ್ಣೆ ಚೊಂಬಿನ ತಳ ಮುಚ್ಚಲಿಲ್ಲ. ಬಂದಿದ್ದರೂ ಮಕ್ಕಳ ಮನೆಗೆ ಕೊಡುತ್ತಿರಲಿಲ್ಲ ಬಿಡಿ. ಚಿಕ್ಕ ಮಗು ಒಂದು ಟೀ ಚಮಚ ನೀಲಗಿರಿ ಎಣ್ಣೆ ಕುಡಿದರೂ ಪ್ರಾಣಕ್ಕೆ ಬರಬಹುದು. ನೆಗಡಿಗೆ ಕೂಸಿನ ಮೂಗಿನ ಹತ್ತಿರ ನೀಲಗಿರಿಯನ್ನೋ ಪುದೀನ ಎಣ್ಣೆಯನ್ನೋ ಹಚ್ಚಿದರೆ ಉಸಿರೇ ಕಟ್ಟಬಹುದು. ಕರ್ಪೂರವೂ ಅಷ್ಟೇ. ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಎದೆಗೆ ತಿಕ್ಕುವುದು ನಮ್ಮ ಅಜ್ಜಿಯರ ಪದ್ಧತಿ. ಆದರೆ ಅದು ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಮಕ್ಕಳಿಗೆ ಫಿಟ್ಸ್ ಬರಿಸಬಹುದು. ಅಮೆರಿಕದಲ್ಲಿ 1983ರಲ್ಲೇ ಹಚ್ಚುವ ಔಷಧದಲ್ಲಿ ಕರ್ಪೂರ 11 ಪರ್ಸೆಂಟ್ ದಾಟಬಾರದು ಅಂತ ಮಾಡಿದರು. ನಮ್ಮ ಮೊಮ್ಮಗಳಿಗೆ ಬರೀ ಕೊಬ್ಬರಿ ಎಣ್ಣೆ. ಈ ವಿಷಯಕ್ಕೆ ಬೀಗಿತ್ತಿಯವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಎಣ್ಣೆ ತೆಗೆದ ಮೇಲೆ ಉಳಿಯುವ ಭಟ್ಟಿಯ ನೀರನ್ನೂ ಬಾಟಲಿಗೆ ತುಂಬಿ ಮಾರೋಣ ಅಂತ ನೋಡಿದೆ. ಮೂರನೇ ವಾರಕ್ಕೆ ತಳದಲ್ಲಿ ಹತ್ತಿ ಎಳೆಯಂಥ ಬೂಸು ತೇಲುತ್ತಿತ್ತು. ಅದೀಗ ಅವತ್ತವತ್ತೇ ದನದ ಕೊಟ್ಟಿಗೆ ತೊಳೆಯಲು ಹೋಗುತ್ತದೆ.

ಬರೀ ಎಣ್ಣೆಯೇ ಬೇಕು ಅನ್ನುವವರಿಗೆ ಹತ್ತು ಎಂಎಲ್ ಕಂದು ಸೀಸೆಯಲ್ಲಿ ಕೊಡುತ್ತೇನೆ. ಮುಚ್ಚಳದೊಳಗೆ ಒಂದೊಂದೇ ಹನಿ ಬೀಳುವ ಪ್ಲಾಸ್ಟಿಕ್ ಬಿರಡೆ ಇರುತ್ತದೆ, ಒಂದೂವರೆ ರೂಪಾಯಿ ಜಾಸ್ತಿ. ಮಗು ಕೈಗೆ ಸಿಕ್ಕು ಬಾಯಿಗೆ ಎತ್ತಿದರೂ ಗಟಗಟ ಇಳಿಯುವುದಿಲ್ಲ. ಆದರೂ ಸಿಕ್ಕಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಸೀಸೆ ಸಮೇತ ನೇರ ಆಸ್ಪತ್ರೆಗೆ ಓಡಿ. ಮಕ್ಕಳು ತಿರುಗಿಸಲಾಗದ ಒತ್ತುಮುಚ್ಚಳ ಬೆಂಗಳೂರಿನಲ್ಲಿ ಸಾವಿರದ ಲೆಕ್ಕದಲ್ಲಿ ಮಾತ್ರ ಕೊಡುತ್ತಾರೆ. ಯಾರಾದರೂ ಪಾಲಿಗೆ ಬರುವುದಾದರೆ ಅರ್ಧ ನಾನು ತೆಗೆದುಕೊಳ್ಳುತ್ತೇನೆ.