ಹಳೇಬೀಡಿನಿಂದ ಬೆಳವಾಡಿಗೆ ಸೈಕಲ್ಲಾ? ಟಾರ್ ರಸ್ತೆ ಬಿಡಿ

ಹಳೇಬೀಡಿನಿಂದ ಬೆಳವಾಡಿಗೆ 10–12 ಕಿ.ಮೀ. ಅಷ್ಟೇ. ಹೊಲಗಳ ನಡುವಿನ ಬಂಡಿದಾರಿ, ಕೆರೆ ಏರಿ ಹಿಡಿದು ಸುತ್ತಿಕೊಂಡು ಹೋಗಿ. ದೂರ ಜಾಸ್ತಿ, ಆದರೆ ಬಸ್ಸು, ಕಾರುಗಳ ಕಾಟ ಇರಲ್ಲ. ಮ್ಯಾಪ್ ಒಂದನ್ನೇ ನಂಬಬೇಡಿ, ಊರಿನವರನ್ನು ಕೇಳಿ. ಎಷ್ಟೋ ದಾರಿ ಯಾರದೋ ತೋಟದ ಗೇಟಿನ ಮುಂದೆ ನಿಂತುಬಿಡುತ್ತದೆ.

40 ಮಿ.ಮೀ. ಟೈರ್ ಒಳ್ಳೆಯದು, ಗಾಳಿ ಸ್ವಲ್ಪ ಕಡಿಮೆ ಇರಲಿ. ಮಳೆ ಬಿದ್ದ ಮಾರನೇ ದಿನ ಬೇಡ. ಮಣ್ಣು ಚಕ್ರಕ್ಕೆ ಮೆತ್ತಿ ಸೈಕಲ್ ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ದಾರಿ ಮೇಲೆ ರಾಗಿ ಒಕ್ಕಣೆ ನಡೀತಿದ್ದರೆ ದಯವಿಟ್ಟು ಇಳಿದು, ಪಕ್ಕದಲ್ಲಿ ತಳ್ಳಿಕೊಂಡು ಹೋಗಿ.

ಬೆಳವಾಡಿಯ ವೀರನಾರಾಯಣ ದೇವಸ್ಥಾನದಲ್ಲಿ ಮೂರು ಗರ್ಭಗುಡಿ ಇವೆ. ಅರ್ಧ ಗಂಟೆ ಖಂಡಿತ ಸಾಲದು.

ಬೇಲೂರು ದಾಟಿ ಸಕಲೇಶಪುರದ ಕಡೆ ಹೋಗುವವರು ಮುಂಜಾನೆ, ಮುಸ್ಸಂಜೆ ಹೊರಡಲೇಬೇಡಿ. ಅಲ್ಲಿ ಆನೆಗಳ ಓಡಾಟ ಇದೆ.