ಜಿಮ್ನಾಸ್ಟಿಕ್ಸ್ ತಂಡದ ಪಟ್ಟಿ ಮಾಡುವಾಗ ನಾವು ನೋಡುತ್ತಿದ್ದದ್ದು

ಆಯ್ಕೆ ಸಮಿತಿಯಲ್ಲಿ ಇದ್ದಷ್ಟು ವರ್ಷವೂ ಜನ ನನ್ನನ್ನು ಜಾಸ್ತಿ ಕೇಳಿದ್ದು ಒಂದೇ ಪ್ರಶ್ನೆ. "ಆಲ್‌ರೌಂಡ್‌ನಲ್ಲಿ ಐದನೇ ಸ್ಥಾನ ಬಂದವಳನ್ನು ಬಿಟ್ಟು ಎಂಟನೆಯವಳನ್ನು ಯಾಕೆ ತಗೊಂಡ್ರಿ ಮೇಡಂ?" ಹುಡುಗಿಯರ ಅಪ್ಪ ಅಮ್ಮ ಕೇಳುತ್ತಿದ್ದರು, ಎಷ್ಟೋ ಸಲ ಕೋಚ್‌ಗಳೂ ಕೇಳುತ್ತಿದ್ದರು. ಆಲ್‌ರೌಂಡ್ ಅಂದರೆ ಎಲ್ಲ ಸಾಧನಗಳ ಅಂಕ ಕೂಡಿಸಿದ ಒಟ್ಟು ಲೆಕ್ಕ. ಸಿಟ್ಟು ಬರುವುದು ಸಹಜ. ಟ್ರಯಲ್ಸ್‌ನ ಫಲಿತಾಂಶ ಕಣ್ಣೆದುರಿಗೇ ಇರುತ್ತದೆ, ಮೇಲಿಂದ ಎಣಿಸಿಕೊಂಡು ಬಂದರೆ ಆಯ್ತು ಅನ್ನಿಸುತ್ತದೆ. ಆದರೆ ತಂಡದ ಸ್ಪರ್ಧೆಯಲ್ಲಿ ಒಬ್ಬಳ ಒಟ್ಟು ಅಂಕ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ನಾನು ಮಹಿಳಾ ತಂಡದ ಕಡೆ ಕೆಲಸ ಮಾಡಿದವಳು. ಮೊದಲು ಜಡ್ಜ್ ಆಗಿದ್ದೆ, ಆಮೇಲೆ ಸಮಿತಿಗೆ ಬಂದೆ. ಹಾಗಾಗಿ ವಾಲ್ಟ್ (ಓಡಿ ಬಂದು ಮೇಜಿನ ಮೇಲಿಂದ ಹಾರುವುದು), ಬಾರ್ಸ್ (ಎರಡು ಅಡ್ಡ ಕಂಬಿ), ಬೀಮ್ (ಕಿರಿದಾದ ಉದ್ದನೆಯ ದಿಮ್ಮಿ), ಫ್ಲೋರ್ (ನೆಲದ ಮೇಲಿನ ಕಸರತ್ತು) ಈ ನಾಲ್ಕು ಸಾಧನಗಳ ಲೆಕ್ಕ ಮಾತ್ರ ಹೇಳುತ್ತೇನೆ. ಪುರುಷರಿಗೆ ಆರು ಇವೆ, ಅವರ ತಲೆನೋವು ಅವರಿಗೆ.

ಪ್ಯಾರಿಸ್ 2024ರ ಒಲಿಂಪಿಕ್ಸ್ ನಿಯಮವನ್ನೇ ತಗೊಳ್ಳಿ. ಒಂದು ತಂಡಕ್ಕೆ ಐದು ಜನ. ಅರ್ಹತಾ ಸುತ್ತಿನಲ್ಲಿ ಒಂದೊಂದು ಸಾಧನಕ್ಕೆ ನಾಲ್ವರು ಇಳಿಯುತ್ತಾರೆ, ಅದರಲ್ಲಿ ಮೇಲಿನ ಮೂರು ಅಂಕ ಎಣಿಕೆಗೆ ಬರುತ್ತದೆ. ಫೈನಲ್‌ನಲ್ಲಿ ಇಳಿಯುವುದೇ ಮೂವರು, ಮೂವರದೂ ಎಣಿಕೆ. ಒಬ್ಬಳು ಬಿದ್ದರೆ ಆ ಅಂಕವನ್ನು ಬಿಟ್ಟುಬಿಡೋಣ ಅನ್ನುವ ಹಾಗಿಲ್ಲ. ಒಂದು ಸಲ ಬಿದ್ದರೆ ಪೂರ್ತಿ ಒಂದು ಅಂಕ ಹೋಗುತ್ತದೆ.

ಹಾಗಾಗಿ ನಮ್ಮ ಮೀಟಿಂಗ್‌ನಲ್ಲಿ ಮೊದಲು ಬರುತ್ತಿದ್ದದ್ದು ರ‍್ಯಾಂಕ್ ಪಟ್ಟಿಯಲ್ಲ. ನಾಲ್ಕು ಕಾಲಂ ಇರುವ ಒಂದು ಹಾಳೆ. ಪ್ರತಿ ಕಾಲಂನಲ್ಲೂ ಆ ಸಾಧನದಲ್ಲಿ ನಮಗೆ ಸಿಗಬಹುದಾದ ಮೇಲಿನ ಮೂರು ಅಂಕ. ಕಾಲಂನ ಕೊನೆಯಲ್ಲಿರುವ ಮೂರನೇ ಅಂಕವೇ ನಮಗೆ ಮುಖ್ಯ, ಯಾಕೆಂದರೆ ಹೊಸದಾಗಿ ಬರುವವಳು ಅದನ್ನು ಮೀರಿಸಬೇಕು. ಲೆಕ್ಕ ಗೊತ್ತಾಗಲಿ ಅಂತ ಕೆಲವು ಅಂಕ ಕಲ್ಪಿಸಿಕೊಳ್ಳೋಣ. ನಾಲ್ವರು ಆಯ್ಕೆಯಾಗಿದ್ದಾರೆ. ಅವರಲ್ಲಿ ಮೂರನೇ ಅಂಕ ವಾಲ್ಟ್‌ನಲ್ಲಿ 13.5, ಬಾರ್ಸ್‌ನಲ್ಲಿ 13.2, ಬೀಮ್‌ನಲ್ಲಿ 13.0, ಫ್ಲೋರ್‌ನಲ್ಲಿ 13.3. ಐದನೇ ಜಾಗಕ್ಕೆ ಇಬ್ಬರು ಇದ್ದಾರೆ. ಒಬ್ಬಳು ವಾಲ್ಟ್‌ನಲ್ಲಿ 13.3, ಉಳಿದ ಮೂರರಲ್ಲೂ 12.9, ಒಟ್ಟು 52.0. ಇನ್ನೊಬ್ಬಳು ವಾಲ್ಟ್ 12.0, ಬಾರ್ಸ್ 14.1, ಬೀಮ್ 13.4, ಫ್ಲೋರ್ 11.8, ಒಟ್ಟು 51.3. ರ‍್ಯಾಂಕ್‌ನಲ್ಲಿ ಮೊದಲನೆಯವಳು ಮುಂದೆ. ಆದರೆ ಅವಳ ನಾಲ್ಕೂ ಅಂಕ ನಮ್ಮ ಮೂರನೇ ಅಂಕಕ್ಕಿಂತ ಕಡಿಮೆ. ಫೈನಲ್‌ನಲ್ಲಿ ಅವಳಿಂದ ತಂಡಕ್ಕೆ ಸೇರುವುದು ಸೊನ್ನೆ. ಎರಡನೆಯವಳು ಬಾರ್ಸ್‌ನಲ್ಲಿ 0.9, ಬೀಮ್‌ನಲ್ಲಿ 0.4, ಒಟ್ಟು 1.3 ಸೇರಿಸುತ್ತಾಳೆ. ಅವಳ ವಾಲ್ಟ್ ಎಷ್ಟು ಕೆಟ್ಟದಾಗಿದೆ ಅನ್ನುವುದು ನಮಗೆ ಬೇಕಾಗಿಯೇ ಇಲ್ಲ, ಅವಳು ವಾಲ್ಟ್ ಓಡುವುದೇ ಇಲ್ಲವಲ್ಲ!

ಇಷ್ಟೇ ಆಗಿದ್ದರೆ ಕಂಪ್ಯೂಟರ್‌ಗೆ ಕೊಟ್ಟು ಮನೆಗೆ ಹೋಗಬಹುದಿತ್ತು. ಕಷ್ಟ ಇರುವುದು ಕಾಲಂನಲ್ಲಿ ಯಾವ ಅಂಕ ಬರೆಯಬೇಕು ಅನ್ನುವುದರಲ್ಲಿ. ಕೋಚ್‌ಗಳು ಯಾವಾಗಲೂ ಹುಡುಗಿಯ ಅತ್ಯುತ್ತಮ ಅಂಕವನ್ನೇ ಹೇಳುತ್ತಾರೆ. ನಾನು ಸರಾಸರಿ ಕೇಳುತ್ತಿದ್ದೆ, ಅದೂ ಬಿದ್ದ ದಿನಗಳನ್ನು ಸೇರಿಸಿ. ಇನ್ನೊಂದು ವಿಷಯ, ಮನೆಯಂಗಳದ ಸ್ಪರ್ಧೆಗಳಲ್ಲಿ ಅಂಕ ಕೊಡುವ ಜಡ್ಜ್‌ಗಳ ಕೈ ಸ್ವಲ್ಪ ಸಡಿಲ ಇರುತ್ತದೆ. ಯಾವ ದೇಶದಲ್ಲಾದರೂ ಅಷ್ಟೇ. ಅದಕ್ಕೇ ನಾನು ಡಿ ಸ್ಕೋರ್ ಮತ್ತು ಇ ಸ್ಕೋರ್ ಬೇರೆ ಬೇರೆ ಬರೆದುಕೊಳ್ಳುತ್ತಿದ್ದೆ. ಡಿ ಅಂದರೆ ಕಷ್ಟದ ಮಟ್ಟ. ವಾಲ್ಟ್ ಬಿಟ್ಟರೆ ಉಳಿದ ಮೂರರಲ್ಲಿ ಅತಿ ಹೆಚ್ಚು ಬೆಲೆಯ ಎಂಟು ಎಲಿಮೆಂಟ್ (ಒಂದೊಂದು ಕಸರತ್ತು), ರೊಟೀನ್‌ನಲ್ಲಿ (ಪೂರ್ತಿ ಪ್ರದರ್ಶನದಲ್ಲಿ) ಇರಲೇಬೇಕಾದ ನಾಲ್ಕು ಅಂಶಕ್ಕೆ ತಲಾ 0.5, ಜೋಡಣೆಗೆ ಬೋನಸ್. ಇ ಅಂದರೆ ಎಷ್ಟು ಚೊಕ್ಕವಾಗಿ ಮಾಡಿದಳು ಅನ್ನುವುದು, ಹತ್ತರಿಂದ ಶುರುವಾಗಿ ತಪ್ಪಿಗೆ 0.1, 0.3, 0.5 ಅಂತ ಕಡಿಯುತ್ತಾ ಹೋಗುವುದು. ಡಿ ಮೇಲೆ ಸ್ವಲ್ಪ ನಂಬಿಕೆ ಇಡಬಹುದು. ಇ ಹೊರದೇಶದ ಸ್ಪರ್ಧೆಗೆ ಹೋದಾಗ ಇಳಿದೇ ಇಳಿಯುತ್ತದೆ.

ಟ್ರಯಲ್ಸ್ ಎರಡು ದಿನ ಇಟ್ಟರೆ ನನಗೆ ಎರಡನೇ ದಿನವೇ ಇಷ್ಟ. ಮೊದಲ ದಿನದ ಉತ್ಸಾಹ ಇಳಿದಿರುತ್ತದೆ, ಮೈ ಕೈ ಹಿಡಿದುಕೊಂಡಿರುತ್ತದೆ, ನಿನ್ನೆ ಬಿದ್ದದ್ದು ತಲೆಯಲ್ಲೇ ಕೂತಿರುತ್ತದೆ. ದೊಡ್ಡ ಸ್ಪರ್ಧೆಯ ಫೈನಲ್ ಕೂಡ ಹೀಗೆ ಅರ್ಹತಾ ಸುತ್ತು ಮುಗಿಸಿದ ಮೈಯಲ್ಲೇ ಬರುವುದು, ಅಲ್ವಾ?

ಹಾಗೊಂದು ಎರಡನೇ ದಿನ ಬೀಮ್ ಮೇಲೆ ಒಬ್ಬ ಹುಡುಗಿಯನ್ನು ನೋಡಿದೆ. ಅಗಲ 10 ಸೆಂಟಿಮೀಟರ್, ಎತ್ತರ ಒಂದೂಕಾಲು ಮೀಟರ್, ಕೈಯಲ್ಲಿರುವುದು ಒಂದೂವರೆ ನಿಮಿಷ. ಒಂದು ಕಾಲ ಮೇಲೆ ಪೂರ್ತಿ ಸುತ್ತು ತಿರುಗಬೇಕಾದ ಕಡೆ ಅರ್ಧಕ್ಕೇ ಎತ್ತಿದ ಕಾಲು ಕೆಳಗಿಟ್ಟಳು. ಆಗ ಬೀಮ್‌ನಲ್ಲಿ ಟರ್ನ್ ಇರಲೇಬೇಕಿತ್ತು, ಇಲ್ಲದಿದ್ದರೆ 0.5 ಹೋಗುತ್ತಿತ್ತು. ಸಾಮಾನ್ಯವಾಗಿ ಹುಡುಗಿಯರು ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ, ಕೆಳಗಿಳಿದ ಮೇಲೆ ಕೋಚ್ ಮುಖ ನೋಡಿ ನೆನಪಾಗುತ್ತದೆ. ಇವಳು ಹಾಗೆ ಮಾಡಲಿಲ್ಲ. ಅಕ್ರೋ ಸೀರೀಸ್ (ಸಾಲಾಗಿ ಹಾಕುವ ಪಲ್ಟಿಗಳು) ಮುಗಿಸಿದಳು, ಲೀಪ್ (ಜಿಗಿತ) ಮುಗಿಸಿದಳು. ಇಳಿಯಲು ಬೀಮ್‌ನ ತುದಿಗೆ ಹೋದವಳು ನಿಂತು, ಉಸಿರು ಬಿಟ್ಟು, ಸೀದಾಸಾದಾ ಒಂದು ಪೂರ್ತಿ ಸುತ್ತು ತಿರುಗಿಬಿಟ್ಟಳು. ಆಮೇಲೆ ಡಿಸ್‌ಮೌಂಟ್, ಅಂದರೆ ಕೆಳಗಿಳಿಯುವ ಕೊನೆಯ ಕಸರತ್ತು. ಅಂಕ ಏನೂ ಅದ್ಭುತವಾಗಿರಲಿಲ್ಲ. ಆದರೆ ನನ್ನ ಹಾಳೆಯಲ್ಲಿ ಅವಳ ಹೆಸರಿನ ಪಕ್ಕ ಒಂದು ಗೆರೆ ಬಿತ್ತು. ತಪ್ಪಾದ ಮೇಲೂ ಲೆಕ್ಕ ಇಡುವ ತಲೆ ಮೂವರೇ ಇಳಿಯುವ ಫೈನಲ್‌ಗೆ ಬೇಕು.

ಒಂದೇ ಸಾಧನದ ಪರಿಣತರ ವಿಷಯದಲ್ಲಿ ಸಮಿತಿಯೊಳಗೇ ಜಗಳ ಆಗುತ್ತಿತ್ತು. ರಿಯೋ 2016ರಲ್ಲಿ ದೀಪಾ ಕರ್ಮಾಕರ್ ವಾಲ್ಟ್ ಫೈನಲ್‌ನಲ್ಲಿ 15.066 ಪಡೆದು ನಾಲ್ಕನೆಯವರಾದರು, ಕಂಚು 0.150ರಿಂದ ತಪ್ಪಿತು. ದೇಶದ ತಂಡವೇ ಇಲ್ಲದೆ ಒಬ್ಬರೇ ಹೋಗಿ ಅಷ್ಟು ಮಾಡಿದರು. ಆ ಉದಾಹರಣೆ ಹಿಡಿದುಕೊಂಡು "ಪದಕ ಬರುವುದಾದರೆ ಒಂದೇ ಸಾಧನ ಸಾಕು" ಅನ್ನುವವರು ಇದ್ದರು. ನನ್ನ ಅಭಿಪ್ರಾಯ ಅಷ್ಟು ಸುಲಭ ಅಲ್ಲ. ಐದೇ ಜಾಗ ಇರುವಾಗ ಒಂದೇ ಸಾಧನದವಳನ್ನು ತಗೊಂಡರೆ, ಉಳಿದ ಮೂರರ ಭಾರ ನಾಲ್ವರ ಮೇಲೆ ಬೀಳುತ್ತದೆ. ಆ ನಾಲ್ವರಲ್ಲಿ ಒಬ್ಬಳ ಕಾಲು ಉಳುಕಿದರೆ ಮುಗಿಯಿತು. ತಂಡ ಸ್ಪರ್ಧೆಯೇ ಇಲ್ಲದ ವರ್ಷ ಮಾತ್ರ ನಾನು ಅವರ ಕಡೆ. ಒಲಿಂಪಿಕ್ಸ್ ಮುಗಿದ ಮರುವರ್ಷದ ವಿಶ್ವ ಚಾಂಪಿಯನ್‌ಶಿಪ್ ವೈಯಕ್ತಿಕ ಮಾತ್ರ. 2025ರಲ್ಲಿ ಜಕಾರ್ತದಲ್ಲಿ ಆದದ್ದೂ ಅಂಥದ್ದೇ.

ವರ್ಷದ ಪಟ್ಟಿ ಬೇರೆ, ಒಂದು ಸ್ಪರ್ಧೆಗೆ ಹೋಗುವ ತಂಡ ಬೇರೆ ಅನ್ನುವುದನ್ನೂ ಹೇಳಬೇಕು. ವರ್ಷದ ಪಟ್ಟಿ ದೊಡ್ಡದು. ಕ್ಯಾಂಪ್‌ಗೆ ಯಾರನ್ನು ಕರೆಯಬೇಕು, ಯಾರ ಖರ್ಚು ನೋಡಿಕೊಳ್ಳಬೇಕು ಅನ್ನುವುದು ಇದರಿಂದ ತೀರ್ಮಾನ ಆಗುತ್ತದೆ. ಇಲ್ಲಿ ಮುಂದಿನ ವರ್ಷದ ಯೋಚನೆಗೂ ಜಾಗ ಇದೆ. ಆ ಕ್ಯಾಲೆಂಡರ್ ವರ್ಷದಲ್ಲಿ 16 ತುಂಬುವವರೆಲ್ಲ ಸೀನಿಯರ್. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವಳೂ ಜನವರಿಯಿಂದಲೇ ಸೀನಿಯರ್. ಅಂಥವರ ಅಂಕ ಆಗ ಕಡಿಮೆ ಇದ್ದರೂ ಒಬ್ಬಿಬ್ಬರನ್ನು ಸೇರಿಸಿಕೊಳ್ಳುತ್ತಿದ್ದೆವು. ಅಂಕ ನಿಯಮಾವಳಿ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೊಸ ನಿಯಮ ಬಂದ ವರ್ಷ ಹಳೆಯ ಅಂಕಗಳನ್ನು ನಾನು ಹೆಚ್ಚು ನಂಬುತ್ತಿರಲಿಲ್ಲ, ರೊಟೀನ್ ವೀಡಿಯೊ ತರಿಸಿ ಹೊಸ ಲೆಕ್ಕದಲ್ಲಿ ಕೂಡಿಸಿ ನೋಡುತ್ತಿದ್ದೆ. ಕೆಲವರ ಡಿ ಸ್ಕೋರ್ ಅಲ್ಲೇ ಕರಗಿ ಹೋಗುತ್ತಿತ್ತು.

ಗಾಯದ ಕಾರಣಕ್ಕೆ ಟ್ರಯಲ್ಸ್‌ಗೆ ಬರದೆ ಜಾಗ ಕೇಳುವವರು ಪ್ರತಿ ಸಲವೂ ಇರುತ್ತಾರೆ. ಡಾಕ್ಟರ್ ವರದಿ, ಗಾಯಕ್ಕೆ ಮುಂಚಿನ ಅಂಕ, ವಾಪಸ್ ಬರುವ ದಿನ, ಮೂರೂ ಇದ್ದರೆ ಮಾತ್ರ ಚರ್ಚೆ. ತಮ್ಮ ಕ್ಲಬ್‌ನ ಹುಡುಗಿಯ ವಿಷಯ ಬಂದಾಗ ಆ ಸದಸ್ಯರು ಹೊರಗೆ ಹೋಗಬೇಕು. ಇದು ಬರಹದಲ್ಲಿ ಇರಬೇಕು, ಬಾಯಿ ಮಾತಿನಲ್ಲಿ ಇದ್ದರೆ ಯಾರೂ ಎದ್ದು ಹೋಗುವುದಿಲ್ಲ.

ರಿಸರ್ವ್ ಆಯ್ಕೆಯನ್ನು ಜನ ಸಮಾಧಾನದ ಬಹುಮಾನ ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಯಾರು ಹೊರಗೆ ಬಂದರೆ ಹೆಚ್ಚು ಕಷ್ಟವೋ ಅವರ ಕಾಲಂ ತುಂಬುವವಳು ರಿಸರ್ವ್ ಆಗಬೇಕು. ಸ್ಪರ್ಧೆ ಶುರುವಾದ ಮೇಲೆ ಹೊರಗಿನಿಂದ ಯಾರೂ ಬರುವ ಹಾಗಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಒಂದು ವಾಲ್ಟ್ ಆದ ಮೇಲೆ ಹಿಂದೆ ಸರಿದಾಗ, ಬಾರ್ಸ್ ಮತ್ತು ಬೀಮ್‌ಗೆ ಜೋರ್ಡನ್ ಚೈಲ್ಸ್, ಫ್ಲೋರ್‌ಗೆ ಸುನಿಸಾ ಲೀ ಇಳಿದರು. ಅಮೆರಿಕಕ್ಕೆ ಬೆಳ್ಳಿ ಬಂತು. ಆ ಸಲ ತಂಡಕ್ಕೆ ನಾಲ್ವರೇ ಇದ್ದರು. ಉಳಿದ ಮೂವರಲ್ಲೇ ಜಾಗ ತುಂಬಲು ಆಗಿದ್ದು, ಅವರೆಲ್ಲ ನಾಲ್ಕೂ ಸಾಧನ ಮಾಡುವವರಾಗಿದ್ದರು ಅನ್ನುವ ಕಾರಣಕ್ಕೆ. ಮೇಲೆ ಹೇಳಿದ ಜಗಳದಲ್ಲಿ ನಾನು ಇದನ್ನೇ ಮುಂದಿಡುತ್ತಿದ್ದೆ.

ಪಟ್ಟಿ ಹೊರಗೆ ಹಾಕುವ ಮುಂಚೆ ಹೆಸರು ಇಲ್ಲದವರಿಗೆ ಫೋನ್ ಮಾಡುವ ಕೆಲಸ ನನ್ನದಾಗಿತ್ತು. "ಚೆನ್ನಾಗಿ ಮಾಡಿದೆ ಕಣಮ್ಮಾ, ಮುಂದಿನ ಸಲ ನೋಡೋಣ" ಅಂತ ಸುಮ್ನೆ ಹೇಳಿದರೆ ಅವರಿಗೆ ಏನೂ ಸಿಗುವುದಿಲ್ಲ. ಬಾರ್ಸ್‌ನಲ್ಲಿ ನಮ್ಮ ಮೂರನೇ ಅಂಕ ಎಷ್ಟು, ಅವಳದು ಎಷ್ಟು, ವ್ಯತ್ಯಾಸ ಡಿ ಕಡೆ ಇದೆಯೋ ಇ ಕಡೆ ಇದೆಯೋ ಅಂತ ಹೇಳುತ್ತಿದ್ದೆ. ಅಳುತ್ತಿದ್ದವರೂ ಅಂಕ ಶುರುವಾದ ತಕ್ಷಣ "ಒಂದ್ನಿಮಿಷ ಮೇಡಂ, ಬರ್ಕೋತೀನಿ" ಅನ್ನುತ್ತಿದ್ದರು. ಕೋಚ್‌ಗಳು ಮಾತ್ರ ಆ ಹಾಳೆಯನ್ನೇ ಕಳಿಸಿ ಅನ್ನುತ್ತಿದ್ದರು. ಕಳಿಸುತ್ತಿದ್ದೆ, ಬೇರೆ ಹುಡುಗಿಯರ ಹೆಸರು ಮುಚ್ಚಿ.